ಸೂರ್ಯ, ಭೂಮಿ ಮತ್ತು ನಕ್ಷತ್ರಗಳ ವಯಸ್ಸು

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷಗಳು. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಭೂಮಿಯದು ಸುಮಾರು 454 ಕೋಟಿ ವರ್ಷ. ಅಂದರೆ ವಿಶ್ವದ ಈವರೆಗಿನ ಕಾಲಾವಧಿಯಲ್ಲಿ ಮೂರರಲ್ಲಿ ಎರಡು ಪಾಲು ಕಳೆದ ನಂತರ ಸೌರಮಂಡಲವು ರೂಪುಗೊಂಡಿತು.

ವಯಸ್ಸಿನ ನಿರ್ಣಯ

ಉಲ್ಕಾಶಿಲೆಗಳಲ್ಲಿನ ಯುರೇನಿಯಂ ಎಷ್ಟರಮಟ್ಟಿಗೆ ಸೀಸವಾಗಿ ಮಾರ್ಪಟ್ಟಿದೆ ಎಂಬುದನ್ನು ಅಳೆದು ಸೌರಮಂಡಲದ ವಯಸ್ಸನ್ನು ಲೆಕ್ಕ ಹಾಕಲಾಗುತ್ತದೆ. ವಿಶ್ವದ ವಯಸ್ಸನ್ನು ಅದರ ವಿಸ್ತರಣೆಯ ವೇಗ ಹಾಗೂ ಹಿನ್ನೆಲೆ ವಿಕಿರಣದ ಅಧ್ಯಯನದಿಂದ ತಿಳಿಯಲಾಗಿದೆ. ಭೂಮಿಯಲ್ಲಿರುವ ಕಬ್ಬಿಣವು ಸೂರ್ಯನಿಗಿಂತ ಮೊದಲು ಹುಟ್ಟಿ ಅಳಿದ ನಕ್ಷತ್ರಗಳಲ್ಲಿ ಉಂಟಾದದ್ದು. ಆದುದರಿಂದ ಸೂರ್ಯನು ಮೊದಲ ತಲೆಮಾರಿನ ನಕ್ಷತ್ರವಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಂಶೋಧನೆ

ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು 1997ರಿಂದ ರೇಡಿಯೋ ಹೀಲಿಯೋಗ್ರಾಫ್ ಮೂಲಕ ಸೂರ್ಯನ ಹೊರಾವರಣವಾದ ಕರೋನಾವನ್ನು ಅಧ್ಯಯನ ಮಾಡುತ್ತಿದೆ.

ಮೊದಲ ನಕ್ಷತ್ರಗಳ ಕಾಲದ ಹುಡುಕಾಟವೂ ಇದೇ ಜಿಲ್ಲೆಯಲ್ಲಿ ನಡೆದಿದೆ. ಆ ಕಾಲದ ಹೈಡ್ರೋಜನ್ ಅನಿಲದ ಕುರುಹು ಅತಿ ಕ್ಷೀಣವಾದ ರೇಡಿಯೋ ಸಂಕೇತವಾಗಿ ಇಂದು ತಲುಪಬೇಕು. 2018ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ 'ಎಡ್ಜಸ್' ಉಪಕರಣವು ಇದನ್ನು ಗುರುತಿಸಿತೆಂದು ವರದಿಯಾಯಿತು. ರಾಮನ್ ಸಂಶೋಧನಾ ಸಂಸ್ಥೆಯು 'ಸರಸ್-3' ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಪರಿಶೀಲಿಸಿತು. ನೆಲದ ಮಣ್ಣು, ಬಂಡೆಗಳ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರು ಏಕರೂಪವಾಗಿರುವುದರಿಂದ ಈ ತೊಂದರೆ ಕಡಿಮೆ. ಎಡ್ಜಸ್ ವರದಿ ಮಾಡಿದ್ದ ಸಂಕೇತವು ಸರಸ್-3ರ ದತ್ತಾಂಶದಲ್ಲಿ ಕಂಡುಬರಲಿಲ್ಲವೆಂದು 2022ರಲ್ಲಿ ಪ್ರಕಟಿಸಲಾಯಿತು. ಮೊದಲ ನಕ್ಷತ್ರಗಳ ಕಾಲದ ಖಚಿತ ಸಂಕೇತಕ್ಕಾಗಿ ಹುಡುಕಾಟ ಮುಂದುವರಿದಿದೆ.