ಗಣಕದ ಗುಮಾಸ್ತನಿಗೂ ಬೇಕು 'ಲೈನ್ ಕ್ಲಿಯರ್'

ಕಡೂರಿನಿಂದ ಬರುವ ರೈಲು ಮಾರ್ಗವು ಬೀರೂರು ಜಂಕ್ಷನ್ನಿನಲ್ಲಿ ಕವಲೊಡೆದು, ಒಂದು ಅಜ್ಜಂಪುರದತ್ತಲೂ ಇನ್ನೊಂದು ತರೀಕೆರೆಯತ್ತಲೂ ಸಾಗುತ್ತದೆ. ಮುಂದಿನ ನಿಲ್ದಾಣದಿಂದ 'ಲೈನ್ ಕ್ಲಿಯರ್' ಪಡೆಯದೆ ಗಾಡಿ ಬಿಡಬಾರದೆಂಬುದು ರೈಲ್ವೆಯ ಹಳೆಯ ಕಟ್ಟಳೆ.

ಅಡಿಕೆ, ಕೊಬ್ಬರಿ, ಈರುಳ್ಳಿಯ ಲೆಕ್ಕವನ್ನು ಡೇಟಾಬೇಸಿನಲ್ಲಿಟ್ಟು ಎಐ ಏಜೆಂಟಿನಿಂದ ಉತ್ತರ ಪಡೆಯಬಯಸುವ ಈ ಭಾಗದ ವರ್ತಕರಿಗೂ ಇಂಥದೇ ಕಟ್ಟಳೆ ಅಗತ್ಯ. ಏಜೆಂಟ್ ಎಂದರೆ ಇಲ್ಲಿ ಮಂಡಿಯ ದಲ್ಲಾಳಿಯಲ್ಲ. ಕೇಳಿದ ಮಾಹಿತಿಯನ್ನು ತಾನೇ ಹುಡುಕಿ ತರುವ ತಂತ್ರಾಂಶ. ಸಂಪರ್ಕ ಕಡಿದಾಗ ಮನುಷ್ಯ ಗುಮಾಸ್ತನು 'ಪುಸ್ತಕ ಸಿಗುತ್ತಿಲ್ಲ' ಎನ್ನುತ್ತಾನೆ. ಏಜೆಂಟಾದರೋ, ತಡೆಯಿಲ್ಲದಿದ್ದರೆ, ಹಳೆಯ ಅಂಕಿಯನ್ನೋ ಊಹೆಯ ಅಂಕಿಯನ್ನೋ ಅದೇ ಗಾಂಭೀರ್ಯದಿಂದ ಹೇಳಿಬಿಡಬಹುದು. ಅದನ್ನು ನಂಬಿ ಇಲ್ಲದ ದಾಸ್ತಾನಿಗೆ ಮುಂಗಡ ಪಡೆದರೆ ಹೊಣೆ ವರ್ತಕನದೇ.

ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿನಲ್ಲಿ 2013ರ 9.3ನೇ ಆವೃತ್ತಿಯಿಂದಲೂ 'ಪಿಜಿ ಈಸ್‌ರೆಡಿ' ಎಂಬ ಪುಟ್ಟ ಸಾಧನವಿದೆ. ಸರ್ವರ್ ಸಂಪರ್ಕವನ್ನು ಸ್ವೀಕರಿಸುತ್ತಿದೆಯೇ, ನಿರಾಕರಿಸುತ್ತಿದೆಯೇ, ಉತ್ತರಿಸುತ್ತಲೇ ಇಲ್ಲವೇ ಎಂಬುದನ್ನು ಅದು ತಿಳಿಸುತ್ತದೆ. ಪ್ರತಿ ಪ್ರಶ್ನೆಗೂ ಮುನ್ನ ಏಜೆಂಟು ಅದನ್ನು ಕರೆಯುವಂತೆ ಏರ್ಪಡಿಸಬಹುದು. ಆದರೆ ಇದಕ್ಕೆ ಸರಿಯಾದ ಗುಪ್ತಪದವೂ ಬೇಕಿಲ್ಲ! ಅಂಗಡಿ ತೆರೆದಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ, ತಿಜೋರಿಯ ಕೀಲಿ ಹೊಂದುತ್ತದೆ ಎಂಬುದಕ್ಕಲ್ಲ. ಆದುದರಿಂದ ಏಜೆಂಟಿನ ಹೆಸರಿನಲ್ಲೇ ಒಳಹೊಕ್ಕು ಚಿಕ್ಕದೊಂದು ಪ್ರಶ್ನೆ ಕೇಳಿಸಿ, ಕೊನೆಯ ನಮೂದು ಯಾವ ದಿನ, ಯಾವ ಗಂಟೆಯದೆಂದೂ ನೋಡಿಸುವುದು ಲೇಸು. ಸಂಪರ್ಕ ಸರಿಯಿದ್ದರೂ ನಿನ್ನೆ ಸಂಜೆಯಿಂದ ಆವಕ ದಾಖಲಾಗದಿದ್ದರೆ ಬರುವ ಉತ್ತರವೂ ನಿನ್ನೆಯದೇ. ತಪಾಸಣೆಯ ವರದಿಯಲ್ಲಿ ಗುಪ್ತಪದ ಕಾಣದಂತೆಯೂ, ಏಜೆಂಟಿಗೆ ಓದುವ ಅಧಿಕಾರವಷ್ಟೇ ಇರುವಂತೆಯೂ ತಂತ್ರಾಂಶ ಒದಗಿಸುವವರೊಡನೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳತಕ್ಕದ್ದು.