ನೀರಿನ ನಡುವೆ ಕೊಡ ಹಿಡಿದವರು

ಮಂಗಳೂರಿನಿಂದ ಸಂಜೆಯ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯುವ ಮೊದಲೇ ಆಲಪ್ಪುಝ ತಲುಪಬಹುದು. ಅಲ್ಲಿ ದೋಣಿಮನೆಗಳಿಗೇನೂ ಬರವಿಲ್ಲ. ಆದರೆ ಮಕ್ಕಳು ಮರಿಗಳೊಂದಿಗೆ ಹೊರಟ ಸಾಧಾರಣ ಕುಟುಂಬಕ್ಕೆ ಕೇರಳ ಜಲಸಾರಿಗೆ ಇಲಾಖೆಯ ಸಾದಾ ದೋಣಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಆಲಪ್ಪುಝದಿಂದ ಕೋಟ್ಟಯಂಗೆ ಸುಮಾರು ಎರಡೂವರೆ ಗಂಟೆ. ಟಿಕೆಟ್ ದರವೂ ಬಸ್ಸಿನಷ್ಟೇ ಹಗುರ. ಬೆಳಿಗ್ಗೆ ಹೊರಟು, ಕೋಟ್ಟಯಂನಲ್ಲಿ ಊಟ ಮುಗಿಸಿ ಸಂಜೆ ಮರಳಬಹುದು.

ದೋಣಿಮನೆಯ ಮೂಲ ಕೆಟ್ಟುವಳ್ಳಂ. ಹಿಂದೆ ಭತ್ತ, ತೆಂಗು ಸಾಗಿಸುತ್ತಿದ್ದ ದೋಣಿಯಿದು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ, ಒಂದು ಮೊಳೆಯನ್ನೂ ಬಡಿಯುವುದಿಲ್ಲ! ರಸ್ತೆಗಳು ಬಂದ ಮೇಲೆ ಮೂಲೆ ಸೇರಿದ್ದ ಈ ದೋಣಿಗಳು 1990ರ ದಶಕದಲ್ಲಿ ಪ್ರವಾಸಿಗರಿಗಾಗಿ ಮರುಹುಟ್ಟು ಪಡೆದವು.

ಪುನ್ನಮಡ ದಾಟಿ ವೇಂಬನಾಡ್ ಕೆರೆಯ ಅಂಚಿಗೆ ಬಂದಾಗ ಸ್ವಲ್ಪ ಗಮನವಿಟ್ಟು ನೋಡಿ. ಕಾಲುವೆಯ ನೀರು ಮೇಲಿದೆ, ಗದ್ದೆ ಕೆಳಗಿದೆ. ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿ ಬೇಸಾಯ ಮಾಡುತ್ತಾರೆ. ಕೆರೆಯ ತಳದ ಕೆಸರನ್ನು ಎತ್ತಿ ಒಡ್ಡು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಹಾಕಿ ಭತ್ತ ಬಿತ್ತುವುದು ಇಲ್ಲಿನ ರೀತಿ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು.

ಕಡಲಿನ ಉಪ್ಪುನೀರು ಗದ್ದೆಗೆ ನುಗ್ಗದಂತೆ 1976ರಲ್ಲಿ ತಣ್ಣೀರ್ಮುಕ್ಕಂ ಒಡ್ಡು ಬಳಕೆಗೆ ಬಂತು. ಬೇಸಿಗೆಯಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಭತ್ತಕ್ಕೆ ಅನುಕೂಲವಾಯಿತು, ಮೀನುಗಾರರಿಗೆ ಪೆಟ್ಟು ಬಿತ್ತು. ಸಿಗಡಿ, ಮೀನುಗಳ ದಾರಿ ಕಡಿದುಹೋಯಿತು. ಉಪ್ಪು ತಾಗಿದರೆ ಸಾಯುವ ಅಂತರಗಂಗೆ ಈಗ ಕಾಲುವೆ ತುಂಬ ಹಬ್ಬಿದೆ. ಗದ್ದೆಯ ಕೀಟನಾಶಕ, ಪಟ್ಟಣದ ಕೊಳಕು, ದೋಣಿಮನೆಗಳ ತ್ಯಾಜ್ಯ ಎಲ್ಲವೂ ಈ ಹರಿವಿಲ್ಲದ ನೀರಿನಲ್ಲೇ ಉಳಿಯುತ್ತವೆ.

ಇದರ ಭಾರ ಹೊರುವವರು ಯಾರು? ದಡದ ಮೆಟ್ಟಿಲುಗಳನ್ನು ನೋಡಿದರೆ ತಿಳಿಯುತ್ತದೆ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು ಎಲ್ಲ ಅಲ್ಲೇ. ಅದೇ ನೀರನ್ನು ಕುಡಿಯುವಂತಿಲ್ಲ. ಸುತ್ತಲೂ ನೀರಿರುವ ಮನೆಯ ಹೆಣ್ಣುಮಕ್ಕಳು ಕುಡಿಯುವ ನೀರಿಗಾಗಿ ಕೊಡಗಳನ್ನು ದೋಣಿಗೇರಿಸಿ ನಲ್ಲಿಯಿರುವಲ್ಲಿಗೆ ಹುಟ್ಟು ಹಾಕಿಕೊಂಡು ಹೋಗುತ್ತಾರೆ. ನಮ್ಮ ಮನೆಗಳಲ್ಲಿ ನಲ್ಲಿ ಅರ್ಧ ದಿನ ನಿಂತರೆ ಎಷ್ಟು ಗೊಣಗುತ್ತೇವೆ, ಅಲ್ಲವೇ?

2018ರ ಆಗಸ್ಟ್‌ನ ಪ್ರಳಯದಲ್ಲಿ ಕುಟ್ಟನಾಡನ್ನೇ ಬಹುತೇಕ ತೆರವುಗೊಳಿಸಬೇಕಾಯಿತು. ಆಗ ಜನರನ್ನು ಹೊತ್ತು ತಂದವುಗಳಲ್ಲಿ ಪ್ರವಾಸಿ ದೋಣಿಗಳೂ ಇದ್ದವು.

ಹೋಗುವವರು ಮಳೆಗಾಲ ಕಳೆದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಖಾಲಿ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಚೀಲದಲ್ಲೇ ವಾಪಸು ತನ್ನಿ. ದೋಣಿಮನೆಯನ್ನೇ ಬಾಡಿಗೆಗೆ ಪಡೆಯುವುದಾದರೆ, ಶೌಚಾಲಯದ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ಹತ್ತುವ ಮೊದಲು ಕೇಳಲು ಸಂಕೋಚ ಬೇಡ.