ಶೀತಕ್ಕೆ ಅಜಿತ್ರೋಮೈಸಿನ್ ಯಾಕೆ ಕೆಲಸ ಮಾಡಲ್ಲ?

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ಮೂಗು ಸೋರೋಕೆ ಶುರುವಾದ್ರೆ ಸಾಕು, ಪಕ್ಕದ ರೂಮಿಂದ ಒಂದು ಅಜಿತ್ರೋಮೈಸಿನ್ ಸ್ಟ್ರಿಪ್ ಬರುತ್ತೆ. ಶೀತ ಹೋದ್ಮೇಲೆ ಕ್ರೆಡಿಟ್ಟೆಲ್ಲ ಮಾತ್ರೆಗೆ. ಆ ಮಾತ್ರೆ ನಿಜವಾಗಿ ಏನು ಮಾಡುತ್ತೆ ಅಂತ ತಿಳಿಯಬೇಕಾದ್ರೆ ನಾವು ಪಿಯುಸಿಯಲ್ಲೇ ಬಿಟ್ಟು ಬಂದ ಜೀವಕೋಶಕ್ಕೆ ವಾಪಸ್ ಹೋಗಬೇಕು.

ಜೀವಕೋಶ ನೀರು ತುಂಬಿದ ಬಲೂನ್ ಅಲ್ಲ. ನಮ್ಮ ಕೋಶಗಳ ಒಳಗೆ ಆಕ್ಟಿನ್ ಎಳೆಗಳು, ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆಗಳು ಸೇರಿ ಆಕಾರ ಹಿಡಿದಿಡುತ್ತವೆ. ಸಿವಿಲ್‌ನವರು ಕಾಲಂ, ಬೀಮ್ ಅಂದುಕೊಳ್ಳಬಹುದು. ಆದರೆ ಈ ಕಾಲಂಗಳು ಬೇಕಾದಾಗ ಬಿಚ್ಚಿಕೊಂಡು ಬೇರೆ ಕಡೆ ಮತ್ತೆ ಕಟ್ಟಿಕೊಳ್ಳುತ್ತವೆ. ಇವೂ ಪ್ರೋಟೀನೇ. ಪ್ರೋಟೀನ್ ತಯಾರಿಸೋದು ರೈಬೋಸೋಮ್.

ಡಿಎನ್‌ಎಯಲ್ಲಿರುವ ಸೂಚನೆಯ ನಕಲು ಎಂಆರ್‌ಎನ್‌ಎ. ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತೆ. ನಾಲ್ಕು ಅಕ್ಷರ, ಮೂರು ಸ್ಥಾನ, ಒಟ್ಟು 64 ಪದ. 3 ಪದ ‘ನಿಲ್ಲಿಸು’ ಅನ್ನೋಕೆ, ಉಳಿದ 61 ಪದಗಳು 20 ಅಮೈನೋ ಆಮ್ಲಗಳಿಗೆ. ಟಿಆರ್‌ಎನ್‌ಎ ಒಂದೊಂದೇ ಅಮೈನೋ ಆಮ್ಲ ಹೊತ್ತು ತರುತ್ತೆ, ರೈಬೋಸೋಮ್ ಜೋಡಿಸುತ್ತಾ ಹೋಗುತ್ತೆ. ಬ್ಯಾಕ್ಟೀರಿಯಾದಲ್ಲಿ ವೇಗ ಸೆಕೆಂಡಿಗೆ ಸುಮಾರು 20! ಬೆಳೆದ ಸರ ಒಂದು ಸಣ್ಣ ಸುರಂಗದ ಮೂಲಕ ಹೊರಗೆ ಬರುತ್ತೆ.

ಅಜಿತ್ರೋಮೈಸಿನ್ ಹೋಗಿ ಕೂರೋದು ಬ್ಯಾಕ್ಟೀರಿಯಾದ ಇದೇ ಸುರಂಗದಲ್ಲಿ. ದಾರಿ ಕಟ್ಟಿಹೋಗಿ ಹೆಚ್ಚಿನ ಪ್ರೋಟೀನ್‌ಗಳು ಅರ್ಧಕ್ಕೇ ನಿಲ್ಲುತ್ತವೆ, ಬ್ಯಾಕ್ಟೀರಿಯಾ ಬೆಳೆಯಲ್ಲ. ಆ ಜಾಗದಲ್ಲಿ ಅದಕ್ಕೆ ಅಡೆನಿನ್ ಇದ್ದರೆ ನಮಗೆ ಗ್ವಾನಿನ್ ಇದೆ. ಮುಖ್ಯವಾಗಿ ಆ ಒಂದು ಅಕ್ಷರದಿಂದ ನಾವು ಬಚಾವ್. ರೈಬೋಸೋಮ್‌ನ ರಚನೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದ್ದಕ್ಕೆ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅದಾ ಯೋನಾಥ್ ಅವರಿಗೆ 2009ರ ರಸಾಯನಶಾಸ್ತ್ರ ನೊಬೆಲ್ ಬಂತು. ವೆಂಕಿ ಪಿಎಚ್‌ಡಿ ಮಾಡಿದ್ದು ಫಿಸಿಕ್ಸ್‌ನಲ್ಲಿ. ಬ್ರಾಂಚ್ ಚೇಂಜ್ ಸಿಗದವರು ಗಮನಿಸಿ!

ಈಗ ಶೀತಕ್ಕೆ ಬರೋಣ. ಅದು ವೈರಸ್ ಕೆಲಸ. ವೈರಸ್‌ಗೆ ಸ್ವಂತ ರೈಬೋಸೋಮೇ ಇಲ್ಲ, ನಮ್ಮದನ್ನೇ ಬಳಸಿ ತನ್ನ ಪ್ರೋಟೀನ್ ಮಾಡಿಸಿಕೊಳ್ಳುತ್ತೆ. ಮಾತ್ರೆಗೆ ಅಲ್ಲಿ ಕೂರೋಕೆ ಜಾಗವೇ ಇಲ್ಲ. ಸಾಮಾನ್ಯ ಶೀತ ತಾನಾಗೇ ಹೋಗುತ್ತೆ ಬಿಡಿ. ಪೆಟ್ಟು ಬೀಳೋದು ನಮ್ಮ ಹೊಟ್ಟೆ, ಗಂಟಲಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳಿಗೆ. ಉಳಿದುಕೊಳ್ಳೋದು ಮಾತ್ರೆಗೆ ಜಗ್ಗದವು. ಕೆಲವು ಅದೇ ಅಡೆನಿನ್‌ಗೆ ಮೀಥೈಲ್ ಗುಂಪು ಅಂಟಿಸಿಕೊಂಡುಬಿಡುತ್ತವೆ, ಆಮೇಲೆ ಮಾತ್ರೆ ಅಲ್ಲಿ ಸರಿಯಾಗಿ ಕೂರಲ್ಲ. ಈ ಉಪಾಯದ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತೆ, ರೂಮಿಂದ ರೂಮಿಗೆ ಅಸೈನ್‌ಮೆಂಟ್ ದಾಟೋ ಹಾಗೆ. ನಾಳೆ ನಮ್ಮಲ್ಲೇ ಯಾರಿಗಾದ್ರೂ ನಿಜಕ್ಕೂ ನ್ಯುಮೋನಿಯಾ ಆದಾಗ, ಡಾಕ್ಟರ್ ಬರೆದುಕೊಟ್ಟ ಇದೇ ಮಾತ್ರೆ ಕೆಲಸ ಮಾಡದೇ ಹೋಗಬಹುದು.